ಪಟ್ಟು ಬಿಡದೆ

ಇಂಗ್ಲೀಷಿನಲ್ಲಿ ‘ರೆಸಲ್ಯೂಟ್ಲಿ’ ಎಂಬ ಒಂದು ಕ್ರಿಯಾವಿಶೇಷಣವಿದೆ. ಪತ್ರಿಕೆ ಓದುವವರ ಕಣ್ಣಿಗೆ ಮೇಲಿಂದ ಮೇಲೆ ಬೀಳುವ ಮಾತು. ಪರೀಕ್ಷೆಗೆ ಓದುವ ಹುಡುಗರಿಗೂ ಪರಿಚಿತವಾದದ್ದೆ. ಕೋಶವನ್ನು ತೆರೆದರೆ ‘ದೃಢವಾಗಿ’, ‘ಸ್ಥಿರಚಿತ್ತದಿಂದ’, ‘ನಿಶ್ಚಲವಾಗಿ’ ಎಂಬಂಥ ಅರ್ಥಗಳು ಸಿಗುತ್ತವೆ. ಹುಡುಗ ಮೊದಲನೆಯದನ್ನು ಬರೆದುಕೊಂಡು ಕೋಶವನ್ನು ಮುಚ್ಚುತ್ತಾನೆ. ಅರ್ಥವೇನೂ ತಪ್ಪಲ್ಲ. ಆದರೆ ಅದೇ ಹುಡುಗನ ಅಜ್ಜಿ ತನ್ನ ಎಂಬತ್ತು ವರ್ಷದ ಬಾಳಿನಲ್ಲಿ ‘ದೃಢವಾಗಿ’ ಎಂಬ ಮಾತನ್ನು ಒಮ್ಮೆಯೂ ಆಡಿರಲಾರಳು. ಹಾಗಾದರೆ ಆಕೆ ಯಾವುದನ್ನೂ ದೃಢವಾಗಿ ಮಾಡಲಿಲ್ಲವೆ? ಮಾಡಿದ್ದಾಳೆ, ಮಾಡಿದ್ದನ್ನು ಬಾಯಿತುಂಬ ಹೇಳಿಯೂ ಇದ್ದಾಳೆ. ಹೇಗೆ ಹೇಳಿದಳೆಂಬುದನ್ನು ನಿಮ್ಮೊಡನೆ ಕುಳಿತು ಸ್ವಲ್ಪ ವಿಚಾರ ಮಾಡಬೇಕೆಂದು ಈ ಭಾಷಣ. ಉದಾಹರಣೆಗಳನ್ನು ದೂರ ಹುಡುಕುವುದು ಬೇಡ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಕಡೆಯಿಂದಲೆ ಎತ್ತಿಕೊಳ್ಳೋಣ. 1997ರ ವರೆಗೆ ಇವು ಧಾರವಾಡ ಜಿಲ್ಲೆಯಲ್ಲಿದ್ದವು, ಅಲ್ಲಿಂದೀಚೆಗೆ ಹಾವೇರಿ ಜಿಲ್ಲೆಯಲ್ಲಿವೆ. ಜಿಲ್ಲೆ ಬದಲಾಯಿತೆಂದು ಜನರ ನುಡಿಯೇನೂ ಬದಲಾಗಲಿಲ್ಲ.

ಮೊದಲು ಇಂಗ್ಲೀಷು ಮಾತಿನ ಹುಟ್ಟನ್ನು ನೋಡೋಣ. ಅದರ ಬೇರು ಲ್ಯಾಟಿನ್ ಭಾಷೆಯ ‘ಸಾಲ್ವೆರೆ’ ಎಂಬ ಧಾತು. ಅದರ ಅರ್ಥ ಬಿಚ್ಚು, ಸಡಿಲಿಸು. ಗಟ್ಟಿತನವನ್ನು ಹೇಳುವ ಮಾತಿನ ಹೊಟ್ಟೆಯೊಳಗೆ ಸಡಿಲಿಸುವ ಅರ್ಥ ಕುಳಿತಿದೆ! ವಿಚಿತ್ರವೆನಿಸಿದರೂ ದಾರಿ ಸರಳವಾಗಿದೆ. ಮನಸ್ಸಿನಲ್ಲಿ ಒಂದು ಸಂಶಯದ ಗಂಟು ಬಿದ್ದಿರುತ್ತದೆ. ಮಾಡಲೋ ಬೇಡವೋ ಎಂಬ ತೊಡಕು. ಅದನ್ನು ಎಳೆ ಎಳೆಯಾಗಿ ಬಿಚ್ಚಿದಾಗ ತೊಡಕು ಹೋಗಿ ನಿರ್ಧಾರ ಉಳಿಯುತ್ತದೆ. ಹೀಗೆ ಬಿಚ್ಚಿದವನೇ ನಿರ್ಧಾರವುಳ್ಳವನಾದ. ಇದೇ ಧಾತುವಿನಿಂದ ‘ಡಿಸಲ್ಯೂಟ್’ ಎಂಬ ಇನ್ನೊಂದು ಮಾತೂ ಹುಟ್ಟಿತು. ಅದಕ್ಕೆ ನಡತೆಗೆಟ್ಟವನು, ಕಟ್ಟು ಸಡಿಲಿದವನು ಎಂದು ಅರ್ಥ. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬ ಊರಿಗೆ ಹಿರಿಯನಾದಂತೆ, ಇನ್ನೊಬ್ಬ ಹಾದಿ ತಪ್ಪಿದಂತೆ.

ಕನ್ನಡಿಗನ ಮನಸ್ಸು ಇದಕ್ಕೆ ತಿರುವುಮುರುವು. ಇಂಗ್ಲೀಷಿನವನು ಬಿಚ್ಚಿ ಗಟ್ಟಿಯಾದರೆ ನಾವು ಕಟ್ಟಿ ಗಟ್ಟಿಯಾಗುತ್ತೇವೆ. ಟೊಂಕ ಕಟ್ಟಿ ನಿಲ್ಲುತ್ತೇವೆ, ನಡು ಕಟ್ಟುತ್ತೇವೆ, ಕಂಕಣ ಕಟ್ಟಿಕೊಳ್ಳುತ್ತೇವೆ, ಮನಸ್ಸನ್ನು ಬಿಗಿಹಿಡಿಯುತ್ತೇವೆ. ಟೊಂಕ ಕಟ್ಟುವುದು ಹೊಲದಲ್ಲಿ ಮೈಮುರಿದು ದುಡಿಯುವವರ ಮಾತು. ಧೋತರದ ಚುಂಗು, ಸೀರೆಯ ಸೆರಗು ಕಾಲಿಗೆ ತೊಡರಬಾರದೆಂದು ಕಟ್ಟಿದ ಕಟ್ಟು ಅದು. ಕಂಕಣದ ಮಾತು ಮದುವೆಯ ಹಂದರದಿಂದ ಬಂತು. ಕಟ್ಟಿದ ಕಂಕಣವನ್ನು ಬಿಚ್ಚುವ ತನಕ ಕಾರ್ಯ ಮುಗಿದಂತಲ್ಲ. ನಡುವೆ ಎದ್ದು ಹೋಗುವಂತೆಯೂ ಇಲ್ಲ. ‘ಕಂಕಣಬದ್ಧ’ ಎಂಬ ಮಾತನ್ನು ಇಂದು ಸಭೆಗಳಲ್ಲಿ ಉದಾರವಾಗಿ ಬಳಸುವವರು ಇದನ್ನೊಂದಿಷ್ಟು ನೆನೆದರೆ ಒಳ್ಳೆಯದು.

ಸಭೆಯೆಂದೊಡನೆ ‘ರೆಸಲ್ಯೂಷನ್’ ಎಂಬ ಅದೇ ಕುಲದ ನಾಮಪದ ನೆನಪಾಗುತ್ತದೆ. ಅದಕ್ಕೆ ನಮ್ಮ ಕಡೆಯ ಮಾತು ‘ಠರಾವು’. ಮುಂಬಯಿ ಪ್ರಾಂತದ ಆಡಳಿತದ ಕಾಲದಲ್ಲಿ ಮರಾಠಿಯಿಂದ ಬಂದು ನೆಲೆನಿಂತದ್ದು. ಹಳೆಯ ಮೈಸೂರಿನವರು ಇದನ್ನೇ ‘ಗೊತ್ತುವಳಿ’ ಎಂದರು. ಎರಡೂ ಸೊಗಸಾದ ಮಾತುಗಳೇ. ಆದರೆ ಠರಾವು ಪಾಸಾಗುವುದಕ್ಕೆ ದೃಢಮನಸ್ಸು ಬೇಕೇಬೇಕೆಂದಿಲ್ಲ. ಕೈ ಎತ್ತಿದರೆ ಸಾಕು. ರೆಸಲ್ಯೂಷನ್ನಿಗೂ ರೆಸಲ್ಯೂಟ್ಲಿಗೂ ನಡುವೆ ಎಷ್ಟು ಅಂತರವಿದೆಯೆಂಬುದನ್ನು ತಿಳಿಯಬೇಕಾದರೆ ಯಾವುದಾದರೊಂದು ಸಂಸ್ಥೆಯ ಹಳೆಯ ಠರಾವಿನ ಪುಸ್ತಕವನ್ನು ಒಂದು ಮಧ್ಯಾಹ್ನ ತಿರುವಿಹಾಕಬೇಕು.

ಇನ್ನು ವ್ಯಾಕರಣ. ಇಂಗ್ಲೀಷಿನಲ್ಲಿ ಗುಣವಾಚಕದ ಬಾಲಕ್ಕೆ ‘ಲಿ’ ಹಚ್ಚಿದರೆ ಬಹುಮಟ್ಟಿಗೆ ಕ್ರಿಯಾವಿಶೇಷಣ ಸಿದ್ಧವಾಯಿತು. ಕನ್ನಡದಲ್ಲಿ ಅಂಥ ಬಾಲವಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅವ್ಯಯಗಳಿಗೆಂದೇ ಒಂದು ಪ್ರಕರಣವನ್ನು ಇಟ್ಟಿದ್ದಾನೆ, ನಿಜ. ಆದರೆ ನಿತ್ಯದ ಮಾತಿನಲ್ಲಿ ನಮಗೆ ಆಸರೆಯಾಗುವುದು ಹೆಚ್ಚಾಗಿ ‘ಆಗಿ’ ಎಂಬ ಪದ. ಅದೇನು? ‘ಆಗು’ ಎಂಬ ಕ್ರಿಯೆಯ ಭೂತಕೃದಂತ. ‘ದೃಢವಾಗಿ ನಿಂತ’ ಎಂದರೆ ಮೊದಲು ದೃಢವಾದ, ಆಮೇಲೆ ನಿಂತ ಎಂದಂತೆ. ಇಂಗ್ಲೀಷಿನಲ್ಲಿ ಗುಣ ಕೆಲಸಕ್ಕೆ ಅಂಟಿಕೊಂಡಿದೆ. ಕನ್ನಡದಲ್ಲಿ ಮನುಷ್ಯನೇ ಮೊದಲು ಆ ಗುಣವಾಗಬೇಕಾಗುತ್ತದೆ. ಇದು ನನಗೆ ಬಹಳ ಹಿಡಿಸಿದ ಸಂಗತಿ.

ಆದರೆ ಅಜ್ಜಿಯ ಬಾಯಲ್ಲಿ ‘ಆಗಿ’ಯೂ ಹೆಚ್ಚು ಬರುವುದಿಲ್ಲ. ಆಕೆಯ ದೃಢತೆಯೆಲ್ಲ ‘ಅದೆ’ ಎಂದು ಮುಗಿಯುವ ನಿಷೇಧದಲ್ಲಿದೆ. ಬಿಡದೆ, ಅಲುಗದೆ, ಅಂಜದೆ, ಅಳುಕದೆ, ಹಿಂದೆಗೆಯದೆ, ಎದೆಗುಂದದೆ, ಬೆನ್ನು ತೋರಿಸದೆ, ಕಣ್ಣು ಮಿಟುಕಿಸದೆ. ಎಣಿಸುತ್ತ ಹೋದರೆ ಬೆರಳು ಸಾಲವು. ಏನು ಮಾಡಿದನೆಂಬುದಕ್ಕಿಂತ ಏನನ್ನು ಮಾಡಲಿಲ್ಲವೆಂಬುದರಿಂದ ಕನ್ನಡಿಗ ಗಟ್ಟಿತನವನ್ನು ಅಳೆಯುತ್ತಾನೆ. ಇಲ್ಲೊಂದು ಸೂಕ್ಷ್ಮವಿದೆ. ‘ಅಂಜದೆ ನಿಂತ’ ಎಂದಾಗ ಅಂಜುವುದಕ್ಕೆ ಕಾರಣವಿತ್ತೆಂಬುದನ್ನು ಆ ಮಾತೇ ಒಪ್ಪಿಕೊಳ್ಳುತ್ತದೆ. ಹಾನಗಲ್ಲಿನಲ್ಲಿ ಒಂದು ವೀರಗಲ್ಲಿದೆ. ಹೊಯ್ಸಳ ವೀರಬಲ್ಲಾಳ 1196ರಲ್ಲಿ ಆನೆಕೆರೆಯ ಬಳಿ ಬೀಡು ಬಿಟ್ಟು ಊರಿಗೆ ಮುತ್ತಿಗೆ ಹಾಕಿದನೆಂದೂ, ಹಾನಗಲ್ಲ ಕದಂಬರ ಕಾಮದೇವನ ದಂಡನಾಯಕ ಸೋಹಣಿ ಆ ಕಾಳಗದಲ್ಲಿ ಬಿದ್ದನೆಂದೂ, ಬಲ್ಲಾಳ ಅಂದಿನ ಮಟ್ಟಿಗೆ ಹಿಮ್ಮೆಟ್ಟಬೇಕಾಯಿತೆಂದೂ ಅದರಿಂದ ತಿಳಿಯುತ್ತದೆ. ಎದುರಿಗೆ ಬಂದವನು ಬಲ್ಲಾಳ. ಅಂಜುವುದಕ್ಕೆ ಕಾರಣ ಬೇಕಾದಷ್ಟಿತ್ತು. ಈ ಸೋಹಣಿಯ ಬಗ್ಗೆ ‘ದೃಢವಾಗಿ ಕಾದಿದ’ ಎಂದು ಬರೆದು ನೋಡಿ, ‘ಹಿಂದೆಗೆಯದೆ ಕಾದಿದ’ ಎಂದು ಬರೆದು ನೋಡಿ. ಎರಡನೆಯದರಲ್ಲಿ ಆನೆಕೆರೆಯ ದಂಡೆಯ ಮೇಲಿನ ಸೈನ್ಯ ಕಣ್ಣಿಗೆ ಕಾಣುತ್ತದೆ.

ಶರಣನಿಗೆ ಇರಬೇಕಾದ ಛಲ ಯಾವುದೆಂದು ಬಸವಣ್ಣನವರು ಒಂದು ವಚನದಲ್ಲಿ ಎಣಿಸಿದ್ದಾರೆ. ಅಲ್ಲಿಯೂ ಮೊದಲು ಬರುವ ಛಲಗಳು ‘ಒಲ್ಲೆ’ ಎನ್ನುವ ಛಲಗಳೇ. ‘ಹೌದು’ ಎನ್ನುವವು ಆಮೇಲೆ ಬರುತ್ತವೆ.

ಈ ಛಲವೆಂಬ ಮಾತು ನಿಂತು ನೋಡತಕ್ಕದ್ದು. ಸಂಸ್ಕೃತದಲ್ಲಿ ಛಲವೆಂದರೆ ವಂಚನೆ, ನೆವ. ನ್ಯಾಯಶಾಸ್ತ್ರದಲ್ಲಿ ಎದುರಾಳಿಯ ಮಾತಿಗೆ ಬೇರೆ ಅರ್ಥ ಹಚ್ಚಿ ವಾದ ಗೆಲ್ಲುವ ಕುಯುಕ್ತಿಗೆ ಆ ಹೆಸರು. ನೆರೆಯ ಮರಾಠಿಯಲ್ಲಿ ‘ಛಳ’ ಎಂದರೆ ಪೀಡೆ, ಕಾಟ. ಕನ್ನಡದಲ್ಲಿ ಮಾತ್ರ ಅದು ವೀರನ ಗುಣವಾಗಿ ಕುಳಿತಿದೆ. ಪಂಪ ತನ್ನ ಭಾರತದ ಕೊನೆಗೆ ಒಬ್ಬೊಬ್ಬ ವೀರನಿಗೆ ಒಂದೊಂದು ಗುಣವನ್ನು ಹಂಚುವಾಗ ಛಲವನ್ನು ದುರ್ಯೋಧನನಿಗೆ ಕೊಟ್ಟ. ಇದರಲ್ಲಿ ಎಷ್ಟು ಮೆಚ್ಚಿಕೆ, ಎಷ್ಟು ಮರುಕ ಇದೆಯೆಂಬುದನ್ನು ಓದಿದವರೇ ನಿರ್ಣಯಿಸಬೇಕು. ಇಂದಿಗೂ ಈ ಮಾತಿಗೆ ಎರಡು ಮುಖ ಇವೆ. ‘ಛಲ ಬಿಡದೆ ಓದಿದ’ ಎಂದರೆ ಹೊಗಳಿಕೆ. ‘ಛಲ ಸಾಧಿಸಿದ’ ಎಂದರೆ ಹಗೆ ತೀರಿಸಿಕೊಂಡ ಎಂಬ ವಾಸನೆ. ಇನ್ನು ‘ಜಿದ್ದು’ ಅರಬ್ಬಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ವಿರುದ್ಧವಾದದ್ದು. ಆದ್ದರಿಂದಲೆ ಜಿದ್ದಿಗೆ ಒಬ್ಬ ಎದುರಾಳಿ ಬೇಕು. ಛಲಕ್ಕೆ ಬೇಡ, ಒಬ್ಬನೇ ಕುಳಿತು ಛಲ ಹಿಡಿಯಬಹುದು. ‘ಪಟ್ಟು’ ಕುಸ್ತಿಯ ಕಣದ್ದು. ಎದುರಾಳಿಯನ್ನು ಹಿಡಿದ ಹಿಡಿತ ಅದು. ಅವನು ಎಷ್ಟು ಒದ್ದಾಡಿದರೂ ಸಡಿಲಬಾರದು. ‘ರೆಸಲ್ಯೂಟ್ಲಿ’ಗೆ ಅತಿ ಸಮೀಪದ ಮಾತು ಯಾವುದೆಂದು ಕೇಳಿದರೆ ನಾನು ‘ಪಟ್ಟು ಬಿಡದೆ’ ಎಂದೇ ಹೇಳುವೆ.

‘ಹಟ’ದ ಮಾತು ಬೇರೆ. ಸಂಸ್ಕೃತದ ‘ಹಠ’ಕ್ಕೆ ಬಲಾತ್ಕಾರವೆಂದು ಅರ್ಥ. ಕನ್ನಡದಲ್ಲಿ ಅದು ಮುಖ್ಯವಾಗಿ ಮಕ್ಕಳ ಪಾಲಿಗೆ ಬಂತು. ಬರೀ ಮಕ್ಕಳ ಪಾಲಿಗೆ ಬಂದಿದ್ದರೆ ಚಿಂತೆಯಿರಲಿಲ್ಲ.

1948ರಲ್ಲಿ ಬಿ.ಬಿ.ಸಿ.ಯ ಒಂದು ಕಾರ್ಯಕ್ರಮದಲ್ಲಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ಲರು ವಿನೋದಕ್ಕೆ ಒಂದು ಕ್ರಿಯಾಪದದ ರೂಪಗಳನ್ನು ನಡೆಸಿ ತೋರಿಸಿದರು. ಉತ್ತಮ ಪುರುಷದಲ್ಲಿ ತಾನು ದೃಢಚಿತ್ತ, ಮಧ್ಯಮ ಪುರುಷದಲ್ಲಿ ಎದುರಿಗಿನವನು ಹಟಮಾರಿ, ಪ್ರಥಮ ಪುರುಷದಲ್ಲಿ ಅಲ್ಲಿಲ್ಲದವನು ಮೊಂಡುಬಿದ್ದ ಮೂರ್ಖ. ಗುಣ ಒಂದೇ, ಆಡುವವನಿಂದ ದೂರ ಹೋದಷ್ಟೂ ಹೆಸರು ಕೆಡುತ್ತದೆ. ರೇಡಿಯೋ ಕೇಳಿದವರು ನಕ್ಕರು. ನಮ್ಮ ಮನೆಗಳಲ್ಲಿ ಈ ಕ್ರಿಯಾಪದ ಇನ್ನೊಂದು ರೀತಿಯಲ್ಲಿಯೂ ನಡೆಯುತ್ತದೆ. ಅದು ಅಷ್ಟು ನಗುವಂಥದಲ್ಲ. ಮಗ ಹತ್ತನೆಯ ಇಯತ್ತೆ ಮುಗಿಸಿ ‘ನಾನು ಮುಂದ ಓದಾಂವನ’ ಎಂದು ಕುಳಿತರೆ ತಂದೆ ನಾಲ್ಕು ಜನರ ಮುಂದೆ, “ಭಾಳ ಛಲಗಾರ ಅದಾನ್ರೀ ನಮ್ಮ ಹುಡುಗ” ಎನ್ನುತ್ತಾನೆ. ಮಗಳು ಅದೇ ಮಾತನ್ನು ಅದೇ ಧ್ವನಿಯಲ್ಲಿ ಆಡಿದರೆ, “ಹುಡುಗಿ ಹಟಾ ಹಿಡದೈತ್ರೀ, ಏನ್ ಮಾಡೂದು” ಎನ್ನುತ್ತಾನೆ. ಗಮನಿಸಿ: ಅವನಿಗೆ ‘ಅದಾನ’, ಇವಳಿಗೆ ‘ಹಿಡದೈತಿ’. ಮಾತಿನಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ಛಲವೆಂದು ಕರೆದುದಕ್ಕೆ ಮನೆಯವರು ಹೊಲ ಅಡವಿಟ್ಟಾದರೂ ಹಣ ಹೊಂದಿಸುತ್ತಾರೆ. ಹಟವೆಂದು ಕರೆದುದನ್ನು ನಾಲ್ಕು ದಿನ ಬಿಟ್ಟರೆ ತಾನೇ ಇಳಿದೀತೆಂದು ಕಾಯುತ್ತಾರೆ, ಅಷ್ಟರಲ್ಲಿ ಒಂದು ವರ ನೋಡುತ್ತಾರೆ. ಪದವನ್ನು ಆರಿಸುವುದು ಕೋಶದ ಕೆಲಸವಷ್ಟೇ ಎಂದು ತಿಳಿದವರು ಈ ಎರಡು ವಾಕ್ಯಗಳನ್ನು ಪಕ್ಕ ಪಕ್ಕದಲ್ಲಿಟ್ಟು ನೋಡಬೇಕು.

ಹಾನಗಲ್ಲಿನ ಹೆಸರನ್ನು ದೇಶದ ತುಂಬ ಕೊಂಡೊಯ್ದವರು ಗಂಗೂಬಾಯಿ ಹಾನಗಲ್ಲರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರೂ ಮನೆತನದ ಹೆಸರಿನಲ್ಲಿ ಊರು ಉಳಿಯಿತು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದುಸ್ತಾನಿ ಪದ್ಧತಿ ಒಲಿಯಲೆಂದು, ತಮ್ಮ ಹಾಡಿನ ನೆರಳು ಮಗಳ ಕಂಠದ ಮೇಲೆ ಬೀಳದಿರಲೆಂದು, ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ಮಗಳು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡರು. ಗುರುಗಳು ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಹಾಡಿಸುವವರು. ಇವರು ಬೇಸರಿಸದೆ ಹಾಡುವವರು. ಗಂಟಲಿನ ಶಸ್ತ್ರಚಿಕಿತ್ಸೆಯ ಅನಂತರ ದನಿ ಇಳಿದು ಗಡುಸಾಯಿತು. ಹೆಣ್ಣುದನಿಯಿಂದ ಜನ ಬಯಸುವ ಇಂಪು ಅದರಲ್ಲಿ ಉಳಿಯಲಿಲ್ಲ. ಇನ್ನೊಬ್ಬರಾಗಿದ್ದರೆ ತಂಬೂರಿಯನ್ನು ಮೂಲೆಗಿಡುತ್ತಿದ್ದರೇನೊ. ಅವರು ಆ ದನಿಯಲ್ಲಿಯೇ ಹಾಡಿದರು. 2009ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಜಗತ್ತಿನ ಸಂಗೀತಪ್ರೇಮಿಗಳು ಆ ದನಿಯನ್ನೇ ಕಿರಾನಾ ಘರಾಣೆಯ ಗಾಂಭೀರ್ಯವೆಂದು ತಲೆದೂಗುತ್ತಿದ್ದರು. ಈ ತಾಯಿಮಕ್ಕಳಲ್ಲಿ ಯಾರದು ಛಲ, ಯಾರದು ಹಟ? ತಾಯಿ ಹಾಡದೆ ತೋರಿಸಿದ್ದನ್ನು ಮಗಳು ಹಾಡಿ ತೋರಿಸಿದಳು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಒಬ್ಬ ಕುರುಡ ಹುಡುಗನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದು ಸಂಗೀತಕ್ಕೆ ಹಚ್ಚಿದರು. ಅವರೇ ಪಂಚಾಕ್ಷರಿ ಗವಾಯಿಗಳು. ಅದೇ ತಾಲೂಕಿನ ದೇವರ ಹೊಸಪೇಟೆಯಲ್ಲಿ 1914ರಲ್ಲಿ ಹುಟ್ಟಿ ಶೈಶವದಲ್ಲಿಯೇ ಕಣ್ಣು ಕಳೆದುಕೊಂಡ ಇನ್ನೊಬ್ಬ ಹುಡುಗ ಪಂಚಾಕ್ಷರಿ ಗವಾಯಿಗಳ ಕೈಗೆ ಬಂದ. ಅವರೇ ಪುಟ್ಟರಾಜ ಗವಾಯಿಗಳು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಈ ಗುರುಶಿಷ್ಯರಿಂದ ಬೆಳೆಯಿತು. ಕುರುಡ ಮಕ್ಕಳಿಗೆ, ಬಡ ಮಕ್ಕಳಿಗೆ ಅಲ್ಲಿ ಅನ್ನ ಹಾಕಿ ಸಂಗೀತ ಹೇಳಬೇಕು. ರೊಕ್ಕವೆಲ್ಲಿಯದು? ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. 1944ರಲ್ಲಿ ಗುರು ತೀರಿಕೊಂಡ ಮೇಲೆ ಶಿಷ್ಯರು 2010ರ ವರೆಗೆ, ಎಂದರೆ ಅರವತ್ತಾರು ವರ್ಷ, ಆ ಭಾರವನ್ನು ಇಳಿಸದೆ ಹೊತ್ತರು. ಒಂದು ದಿನದ ಸಾಹಸಕ್ಕೆ ‘ಎದೆಗುಂದದೆ’ ಸಾಕು. ಅರವತ್ತಾರು ವರ್ಷಕ್ಕೆ ಬೇರೆ ಮಾತು ಬೇಕು. ನಮ್ಮ ಹಳ್ಳಿಯವರು ಇದಕ್ಕೆ ‘ನಡಸ್ಕೊಂಡ ಬಂದ್ರು’ ಎನ್ನುತ್ತಾರೆ. ಎಷ್ಟು ಸಪ್ಪೆಯಾದ ಮಾತು ಎನಿಸೀತು. ಆದರೆ ‘ಕೊಂಡು ಬಂದರು’ ಎಂಬುದರಲ್ಲಿ ದಿನ ದಿನವೂ ಕೂಡುತ್ತ ಬಂದ ಕೆಲಸವಿದೆ. ಇಂಗ್ಲೀಷಿನ ಯಾವ ಕ್ರಿಯಾವಿಶೇಷಣ ಅದನ್ನು ಹಿಡಿಯುತ್ತದೆಯೋ ನಾ ಕಾಣೆ.

ಹಿರೇಕೆರೂರಿನ ಕಡೆಯ ಅಬಲೂರಿಗೆ ಹೋಗದೆ ಈ ವಿಷಯವನ್ನು ಮುಗಿಸುವಂತಿಲ್ಲ. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ, ಸುಮಾರು 1200ರ ಕಾಲದ ಶಾಸನವಿದೆ. ಆಳಂದದಿಂದ ಬಂದ ಈ ಶಿವಭಕ್ತನಿಗೂ ಊರ ಜೈನರಿಗೂ ವಾದ ಬಿತ್ತು. ತಲೆಯನ್ನು ಅರಿದು ಶಿವನಿಗೆ ಒಪ್ಪಿಸಿ ಮತ್ತೆ ಪಡೆಯುವೆನೆಂದು ರಾಮಯ್ಯ ಪಣ ತೊಟ್ಟ. ಪಣವನ್ನು ಓಲೆಯಲ್ಲಿ ಬರೆಯಿಸಿಕೊಂಡ. ಏಳು ದಿನದ ಮೇಲೆ ತಲೆ ಮರಳಿ ಬಂತೆಂದೂ, ಕೊನೆಗೆ ಬಿಜ್ಜಳ ರಾಜ ಜಯಪತ್ರ ಕೊಟ್ಟನೆಂದೂ, ಮುಂದೆ ಹಾನಗಲ್ಲಿನ ಕಾಮದೇವನೂ ದತ್ತಿ ಬಿಟ್ಟನೆಂದೂ ಶಾಸನ ಹೇಳುತ್ತದೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನನ್ನ ಕುತೂಹಲ ಆ ಓಲೆಯ ಮೇಲೆ. ದೃಢಮನಸ್ಸು ಎಂಬುದು ಎದೆಯೊಳಗಿನ ಸಂಗತಿ. ಅದನ್ನು ಓಲೆಗೆ ಇಳಿಸಿದ ಮೇಲೆ ಎರಡು ಪಕ್ಷಕ್ಕೂ ಹಿಂದೆ ಸರಿಯುವ ದಾರಿ ಮುಚ್ಚಿತು. ಮುಂದೆ ಜಗಳ ಬೆಳೆದು ಒಂದು ಬಸದಿಯ ಮೂರ್ತಿ ಒಡೆಯಿತೆಂದೂ ಅದೇ ಕಥೆಯಲ್ಲಿದೆ. ಈ ಶಾಸನವನ್ನು ಬರೆಯಿಸಿದವರು ಗೆದ್ದವರು, ಅವರಿಗದು ನಿಷ್ಠೆ. ಸೋತವರೂ ಒಂದು ಶಾಸನ ಬರೆಯಿಸಿದ್ದರೆ ಅದರಲ್ಲಿ ರಾಮಯ್ಯನ ಗುಣಕ್ಕೆ ಯಾವ ಹೆಸರು ಇರುತ್ತಿತ್ತು? ರಸೆಲ್ಲರ ಕ್ರಿಯಾಪದ ಕಲ್ಲಿನ ಮೇಲೂ ನಡೆಯುತ್ತದೆ.

ಇದಕ್ಕೆ ಎದುರಾಗಿ ಶಿಗ್ಗಾಂವಿ ತಾಲೂಕಿನ ಶಿಶುನಾಳವನ್ನು ನೆನೆಯಬಹುದು. ಅಲ್ಲಿಯ ಶರೀಫ ಸಾಹೇಬರನ್ನು (1819–1889) ಕಳಸದ ಗೋವಿಂದ ಭಟ್ಟರು ಶಿಷ್ಯನನ್ನಾಗಿ ಒಪ್ಪಿಕೊಂಡರು. ಎರಡು ಮತದವರ ಆಕ್ಷೇಪಕ್ಕೂ ಗುರು ಜಗ್ಗಲಿಲ್ಲ, ಶಿಷ್ಯ ಜಗ್ಗಲಿಲ್ಲ. ಯಾರೊಡನೆಯೂ ಪಣ ಕಟ್ಟಲಿಲ್ಲ, ಯಾರನ್ನೂ ಸೋಲಿಸಲಿಲ್ಲ. ಇದಕ್ಕೆ ‘ಜಗ್ಗದೆ’ ಎಂಬ ಒಂದು ಮಾತು ಧಾರಾಳವಾಗಿ ಸಾಲುತ್ತದೆ.

ಬಳಕೆಯ ಬಗ್ಗೆ ಒಂದೆರಡು ಮಾತು ಉಳಿದಿವೆ. ‘ರೆಸಲ್ಯೂಟ್ಲಿ’ ಎಂಬುದಕ್ಕೆ ಮನಸ್ಸುಳ್ಳ ಕರ್ತೃ ಬೇಕು. ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಜನ ಕರೆಯುವ ಮೂರು ಮಹಾವೃಕ್ಷಗಳು ಶತಮಾನಗಳಿಂದ ನಿಂತಿದ್ದವು. ಆಫ್ರಿಕಾ ಮೂಲದ ಬಾವೊಬಾಬ್ ಜಾತಿಯವು. ಅವು ನಿಂತದ್ದಕ್ಕೆ ಇಂಗ್ಲೀಷಿನಲ್ಲಿ ‘ಫರ್ಮ್ಲಿ’ ಎನ್ನಬೇಕು. ‘ರೆಸಲ್ಯೂಟ್ಲಿ’ ಎಂದರೆ ಅದು ಕಾವ್ಯವಾದೀತು. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಉರುಳಿತು. ಅಷ್ಟು ದೊಡ್ಡ ಮರವನ್ನು ಕಟ್ಟಿಗೆಯೆಂದು ಕಡಿಯಗೊಡದೆ ಮತ್ತೆ ಎತ್ತಿ ನಿಲ್ಲಿಸಿ ನೆಟ್ಟರು. ನೆಟ್ಟವರ ಕೆಲಸಕ್ಕೆ ‘ರೆಸಲ್ಯೂಟ್ಲಿ’ ಸಲ್ಲುತ್ತದೆ. ಕನ್ನಡದ ‘ಅಲುಗದೆ’ ಮಾತ್ರ ಮರಕ್ಕೂ ಸೈ, ಮನುಷ್ಯನಿಗೂ ಸೈ. ಹಾಗೆಯೆ ‘ಮನಸ್ಸು ಗಟ್ಟಿ ಮಾಡಿಕೊಂಡು’ ಎಂಬುದನ್ನು ಅಜಾಗರೂಕತೆಯಿಂದ ಬಳಸಬಾರದು. ಅದನ್ನು ಸಾವಿನ ಮನೆಯಲ್ಲಿ ಕುಳಿತವರಿಗೆ, ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಗೆ ಹೇಳುತ್ತೇವೆ. ಅದು ದುಃಖವನ್ನು ತಡೆದುಕೊಳ್ಳುವ ಗಟ್ಟಿತನ. ‘ಖಂಡಿತವಾಗಿ’ ಎಂಬುದೂ ಬೇರೆ. ಸಂಸ್ಕೃತದಲ್ಲಿ ಖಂಡಿತವೆಂದರೆ ಕಡಿದದ್ದು, ಮುರಿದದ್ದು. ಕಡ್ಡಿ ಮುರಿದ ಹಾಗೆ ಹೇಳುವುದು ನಮ್ಮ ಪದ್ಧತಿಯಲ್ಲವೆ? ಅದು ಮಾತಿನ ನಿಶ್ಚಯವನ್ನು ಹೇಳುತ್ತದೆ, ಬಾಳಿನ ನಿಶ್ಚಯವನ್ನಲ್ಲ. ‘ಖಂಡಿತ ಬರ್ತೀನ್ರೀ’ ಎಂದವರ ಹಾದಿಯನ್ನು ನೀವೂ ಕಾಯ್ದಿದ್ದೀರಿ.

ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಇಂಗ್ಲೀಷಿನ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡದಲ್ಲಿ ಕಾವ್ಯ ಬರೆದವರು. ಎರಡು ಭಾಷೆಗಳನ್ನು ಹೀಗೆ ಒಟ್ಟಿಗೆ ಸಾಕಿದವರ ನಾಡಿನಲ್ಲಿ ನಮ್ಮ ಹುಡುಗರು ಇಂಗ್ಲೀಷು ವಾಕ್ಯದ ಪ್ರತಿ ಪದಕ್ಕೂ ಒಂದೊಂದು ಕನ್ನಡ ಪದವನ್ನು ಎಣಿಸಿ ಇಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಕನ್ನಡದಲ್ಲಿ ದೃಢತೆಗೆ ಬೇರೊಂದು ಪದವೇ ಬೇಕಾಗಿಲ್ಲ. ಕ್ರಿಯಾಪದವೇ ಅದನ್ನು ಹೊರುತ್ತದೆ. ‘ಮಾಡುತ್ತೇನೆ’ ಎಂಬುದಕ್ಕೆ ಒಂದು ‘ಏ’ಕಾರ ಸೇರಿಸಿ ‘ಮಾಡೇ ಮಾಡುತ್ತೇನೆ’ ಎನ್ನಿ. ಇನ್ನೂ ಬಿಗಿಯಬೇಕಾದರೆ ‘ಮಾಡಿಯೇ ತೀರುತ್ತೇನೆ’ ಎನ್ನಿ. ನಿರಾಕರಿಸಬೇಕಾದಾಗ ಕ್ರಿಯೆಯನ್ನು ಎರಡು ಸಲ ಆಡಿ, ನಡುವೆ ‘ಎಂದರೆ’ ಇಡಿ.

ಆದ್ದರಿಂದ ಮುಂದೆ ಎಂದಾದರೂ ನಿಮ್ಮ ಮನೆಯ ಹುಡುಗ ಅಥವಾ ಹುಡುಗಿ ಪುಸ್ತಕ ಹಿಡಿದುಕೊಂಡು ಬಂದು, ಒಬ್ಬಾಕೆ ಶಾಲೆ ಬಿಡಲು ‘ರೆಸಲ್ಯೂಟ್ಲಿ’ ನಿರಾಕರಿಸಿದಳು ಎಂಬುದನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಕೇಳಿದರೆ, ‘ದೃಢವಾಗಿ ನಿರಾಕರಿಸಿದಳು’ ಎಂದು ಬರೆಯಿಸಿ ಕಳಿಸಬೇಡಿರಿ. ಒಳಗೆ ಅಜ್ಜಿ ಇದ್ದರೆ ಆಕೆಯನ್ನು ಕೇಳಲಿ. ಆಕೆ ಹೇಳುತ್ತಾಳೆ: “ಸಾಲಿ ಬಿಡೂದಿಲ್ಲ ಅಂದ್ರ ಬಿಡೂದಿಲ್ಲ ಅಂದ್ಲು.”